ಮಾವನವರು ಮಾತ್ರೆ ಬಿಟ್ಟರು, ಪುಸ್ತಕ ನಮ್ಮ ಕಪಾಟಿನದು

ಪ್ರಶ್ನೆ: ನಾನು ಡೊಂಬಿವಲಿ ಪೂರ್ವದಲ್ಲಿದ್ದೇನೆ. ನಮ್ಮ ಕನ್ನಡ ಸಂಘದಲ್ಲಿ ಎರಡು ಕಬ್ಬಿಣದ ಕಪಾಟು ತುಂಬ ಪುಸ್ತಕ ಇವೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಾಗಿಲು ತೆಗೆದು ಪುಸ್ತಕ ಕೊಡುವ ಕೆಲಸ ನನ್ನದು. ನಮ್ಮ ಮಾವನವರಿಗೆ 71 ವರ್ಷ. ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು, ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕಪ್ಪು ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದವರು. ಪುಸ್ತಕ ಅಂದರೆ ಅವರಿಗೆ ದೇವರು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. 18 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎರಡು ತಿಂಗಳ ಹಿಂದೆ ನಾನೇ ಸಂಘದಿಂದ ತಂದುಕೊಟ್ಟ ಒಂದು ಆರೋಗ್ಯದ ಪುಸ್ತಕ ಓದಿ ಮಾತ್ರೆ ನಿಲ್ಲಿಸಿದ್ದಾರೆ. ನಲವತ್ತು ದಿನದಲ್ಲಿ ಗುಣ ಅಂತ ಅದರಲ್ಲಿದೆ. ಬೆಳಿಗ್ಗೆ ಹಾಗಲಕಾಯಿ ರಸ, ಸಂಜೆ ಏನೋ ಕಷಾಯ. ಕೇಳಿದರೆ "ಅಚ್ಚಾದ ಮಾತು ಸುಳ್ಳಾಗೂದುಂಟಾ ಮಗಾ? ಸುಳ್ಳಾದ್ರೆ ಯಾರಾದ್ರೂ ಅಚ್ಚು ಹಾಕ್ತಿದ್ರಾ?" ಅನ್ನುತ್ತಾರೆ. ನಮ್ಮವರು ಈ ವಿಷಯವನ್ನು ಸಂಘದ ಸಭೆಯಲ್ಲಿ ಎತ್ತಿದರು. ಈಗ ಸಮಿತಿಯವರು, ಕಥೆ ಕಾದಂಬರಿ ಬಿಟ್ಟು ಉಳಿದ ಪುಸ್ತಕಗಳಲ್ಲಿ ಕೆಟ್ಟವನ್ನೆಲ್ಲ ಆರಿಸಿ ರದ್ದಿಗೆ ಹಾಕಿ ಅಂತ ನನಗೇ ಹೇಳಿದ್ದಾರೆ. ನಾನು ಬಿ.ಕಾಂ. ಓದಿದವಳು, ಬರೆದವರು ಡಾಕ್ಟರು. ಯಾವುದು ಕೆಟ್ಟದ್ದು ಅಂತ ನಾನು ಹೇಗೆ ಹೇಳಲಿ? ನಿಮ್ಮ ಪ್ರಕಾರ ಅತಿ ಕೆಟ್ಟ ಪುಸ್ತಕಗಳು ಯಾವುವು, ಯಾಕೆ ಕೆಟ್ಟವು?

ಉತ್ತರ: ಮೊದಲು ಮಾತ್ರೆಯ ವಿಷಯ. ಪುಸ್ತಕ ಆಮೇಲೆ.

ನಾನು ವೈದ್ಯನಲ್ಲ. ಇಪ್ಪತ್ತೇಳು ವರ್ಷದಿಂದ ಮುಂಬಯಿಯಲ್ಲಿ ಕೂತು ಬೇರೆಯವರು ಬರೆದ ಪುಸ್ತಕ ತಿದ್ದುವುದು ನನ್ನ ಕೆಲಸ. ಆದರೂ ಇಷ್ಟು ಹೇಳಬಲ್ಲೆ: ಈ ವಾರವೇ ಅವರನ್ನು ಅವರ ಹಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಕ್ಕರೆ ಏರಿದರೆ ಬಹಳ ಸಲ ಮೈಗೆ ಏನೂ ಗೊತ್ತಾಗುವುದಿಲ್ಲ. ಚೆನ್ನಾಗಿದ್ದೇನೆ ಅನ್ನಿಸುತ್ತಿರುವಾಗಲೇ ಕಣ್ಣು, ಕಿಡ್ನಿ, ಕಾಲಿನ ನರ ಹಾಳಾಗುತ್ತಿರುತ್ತವೆ. ಹಾಗಂತ ನೀವೇ ಡಬ್ಬಿ ತೆಗೆದು ಹಳೇ ಲೆಕ್ಕದಲ್ಲಿ ಮಾತ್ರೆ ಕೊಡಬೇಡಿ. ಹಾಗಲಕಾಯಿ ರಸ, ಕಷಾಯದ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಪುಸ್ತಕ ಸುಳ್ಳು ಅಂತ ಮಾವನವರ ಜೊತೆ ವಾದಕ್ಕೆ ಇಳಿಯಬೇಡಿ. ಪುಸ್ತಕ ಹೇಳಿದ್ದು ನಲವತ್ತು ದಿನ. ಎರಡು ತಿಂಗಳಾಯಿತು. ಗಡುವು ಮುಗಿದೇ ಇಪ್ಪತ್ತು ದಿನ ಆಗಿದೆ. "ಮಾವ, ಪುಸ್ತಕದ ಲೆಕ್ಕ ಮುಗಿಯಿತಲ್ಲ, ಗುಣ ಆಗಿದೆಯಾ ನೋಡಿಕೊಂಡು ಬರೋಣ" ಅನ್ನಿ. ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಹೆಚ್ಚುಕಡಿಮೆ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ. ಒಂದು ದಿನ ಉಪವಾಸ ಇದ್ದು ಅದನ್ನು ಏಮಾರಿಸಲು ಆಗುವುದಿಲ್ಲ. ಹಳೆಯ ರಿಪೋರ್ಟಿನ ಪಕ್ಕಕ್ಕೆ ಹೊಸದನ್ನು ಇಡಿ. ಅಚ್ಚನ್ನು ನಂಬುವವರಿಗೆ ಲ್ಯಾಬಿನ ಕಾಗದವೂ ಅಚ್ಚೇ ಅಲ್ವಾ.

ಈಗ ಪುಸ್ತಕ. ನೀವು ಕೇಳಿದ್ದು ಕೆಟ್ಟ ಪುಸ್ತಕಗಳ ಪಟ್ಟಿ. ಆದರೆ "ನಾನೇ ತಂದುಕೊಟ್ಟ" ಅನ್ನುವ ಮಾತನ್ನು ನೀವು ಸುಮ್ನೆ ಬರೆದಿಲ್ಲ ಅಂತ ಕಾಣುತ್ತದೆ. ತಪ್ಪು ನಿಮ್ಮದಲ್ಲ. ಮಾವನವರದೂ ಅಲ್ಲ. ಅಚ್ಚು ಹಾಕುವ ಮೊದಲು ಯಾರೋ ಒಬ್ಬರು ನಿಜವೋ ಸುಳ್ಳೋ ನೋಡಿರುತ್ತಾರೆ ಅನ್ನುವ ನಂಬಿಕೆ ಪ್ರೊಫೆಸರುಗಳಿಗೂ ಇದೆ. ನಾನು ಆ "ಯಾರೋ ಒಬ್ಬರು" ಕೂರುವ ಕುರ್ಚಿಯಲ್ಲಿ ಕೂತವನು. ಅಲ್ಲಿ ಕೂತು ನಾವು ನೋಡುವುದು ಕಾಗುಣಿತ, ವಾಕ್ಯ, ಅಧ್ಯಾಯದ ಉದ್ದ, ಪುಟಗಳು ಫಾರ್ಮಿಗೆ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿಗೆ, ಸರಿಯಾಗಿ ಕೂರುತ್ತವಾ ಅನ್ನುವುದು. ವಿಷಯ ನಿಜವಾ ಅಂತ ನೋಡಲು ಸಮಯ ಕೊಡುವವರು ಕಡಿಮೆ, ದುಡ್ಡು ಕೊಡುವವರು ಇನ್ನೂ ಕಡಿಮೆ. ಬರೆದದ್ದಕ್ಕೆಲ್ಲ ಲೇಖಕರೇ ಹೊಣೆ ಅಂತ ಕರಾರಿನಲ್ಲಿ ಒಂದು ಸಾಲು ಹಾಕಿ ಕೈ ತೊಳೆದುಕೊಳ್ಳುವುದೇ ಜಾಸ್ತಿ.

ಇದು ನಮ್ಮ ಸಣ್ಣ ಪ್ರಕಾಶಕರ ಕಥೆ ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಬೆಲ್ ಗಿಬ್ಸನ್ ಅನ್ನುವ ಹೆಣ್ಣುಮಗಳು, ತನಗೆ ಮಿದುಳಿನ ಕ್ಯಾನ್ಸರ್ ಇತ್ತು, ಊಟ ತಿಂಡಿ ಬದಲಿಸಿಯೇ ಹತೋಟಿಗೆ ತಂದೆ ಅಂತ ಹೇಳಿಕೊಂಡು 2014ರಲ್ಲಿ ಅಡುಗೆಯ ಪುಸ್ತಕ ತಂದಳು. ಮರುವರ್ಷ ಬಯಲಾಯಿತು, ಅವಳಿಗೆ ಕ್ಯಾನ್ಸರೇ ಇರಲಿಲ್ಲ. ಪ್ರಕಾಶಕರು ಯಾರು? ಪೆಂಗ್ವಿನ್‌ನ ಅಲ್ಲಿಯ ಶಾಖೆ. ಅವಳು ಹೇಳಿದ್ದು ನಿಜವಾ ಅಂತ ಅವರು ಪರಿಶೀಲಿಸಿರಲಿಲ್ಲ. ಆಮೇಲೆ ಅವರು 30,000 ಡಾಲರ್ ಕಟ್ಟಬೇಕಾಯಿತು. 2017ರಲ್ಲಿ ಕೋರ್ಟು ಅವಳಿಗೆ 4,10,000 ಡಾಲರ್ ದಂಡ ಹಾಕಿತು. ಆ ಪುಸ್ತಕ ನಂಬಿ ಚಿಕಿತ್ಸೆ ಬಿಟ್ಟವರಿಗೆ ಆ ದಂಡದಿಂದ ಏನು ಬಂತು, ಹೇಳಿ.

"ಬರೆದವರು ಡಾಕ್ಟರು" ಅಂದಿರಿ. ಡಾಕ್ಟರಿಗಿಂತ ದೊಡ್ಡವರನ್ನೇ ನೋಡೋಣ. ಲೈನಸ್ ಪಾಲಿಂಗ್‌ಗೆ ಎರಡು ನೊಬೆಲ್ ಬಂದಿದ್ದವು, 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರಲ್ಲಿ ಶಾಂತಿಗೆ. ವಿಟಮಿನ್ ಸಿ ಜಾಸ್ತಿ ತಿಂದರೆ ನೆಗಡಿ ಬರದಂತೆ ತಡೆಯಬಹುದು ಅಂತ 1970ರಲ್ಲಿ ಪುಸ್ತಕ ಬರೆದರು. ಜನ ಮುಗಿಬಿದ್ದು ಮಾತ್ರೆ ಕೊಂಡರು. ಆಮೇಲೆ ಹತ್ತಾರು ಪರೀಕ್ಷೆ ನಡೆದು ತಿಳಿದದ್ದು ಏನು ಅಂದರೆ, ದಿನಾ ತಿಂದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ಬಂದ ನೆಗಡಿ ಸ್ವಲ್ಪ ಬೇಗ ಬಿಡಬಹುದು, ಅಷ್ಟೇ. ಹೆಸರಿನ ಹಿಂದಿನ ಪದವಿ ಯಾವ ವಿಷಯದ್ದು ಅಂತ ನೋಡಬೇಕು. ಅದೇ ವಿಷಯದ್ದಾದರೂ ಪುರಾವೆ ಕೇಳಬೇಕು.

ಸಂಘಗಳಲ್ಲಿ ನಾನು ಕೇಳುವ ಇನ್ನೆರಡು ಮಾತಿವೆ. ಒಂದು, "ಐಎಸ್‌ಬಿಎನ್ ಇದೆ ಸಾರ್". ಅದು ಪುಸ್ತಕದ ಗುರುತಿನ ನಂಬರು, ಮನೆ ನಂಬರು ಇದ್ದ ಹಾಗೆ. ನಮ್ಮ ದೇಶದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಕೊಡುವವರು ಪುಸ್ತಕ ಓದಿ ಕೊಡುವುದಿಲ್ಲ. ಇನ್ನೊಂದು, "ಹದಿನಾಲ್ಕನೇ ಮುದ್ರಣ". ಒಂದು ಮುದ್ರಣ ಅಂದರೆ 500 ಪ್ರತಿ ಇರಬಹುದು, 5,000ವೂ ಇರಬಹುದು, ಪುಸ್ತಕ ನೋಡಿದರೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಚಿತ್ರ ಇದೆ. ಈ ಔಷಧಿ ಸಕ್ಕರೆ ಕಾಯಿಲೆ ಗುಣ ಮಾಡುತ್ತದೆ ಅಂತ ಯಾರಾದರೂ ಜಾಹೀರಾತು ಕೊಟ್ಟರೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ ಮೇಲಿನ 1954ರ ಕಾಯ್ದೆ ಅಡ್ಡ ಬರುತ್ತದೆ. ಆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ ಇದೆ. ಅದೇ ಮಾತನ್ನು, ಔಷಧಿ ಮಾರದೆ, 160 ಪುಟದ ಪುಸ್ತಕ ಮಾಡಿ ಬರೆದರೆ? ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಹಾಗಾದರೆ ಕೆಟ್ಟ ಪುಸ್ತಕ ಯಾವುದು? ಭಾಷೆ ಕೆಟ್ಟದಾಗಿರುವುದು ಅಂತ ಸಮಿತಿಯವರು ಮೊದಲು ಹೇಳುತ್ತಾರೆ, ನೋಡಿ. ಕಲ್ಯಾಣದ ಕಡೆಯ ಒಬ್ಬ ನಿವೃತ್ತ ರೈಲ್ವೆ ನೌಕರರು ತಮ್ಮ ನೆನಪುಗಳನ್ನು ತಾವೇ ದುಡ್ಡು ಹಾಕಿ ಅಚ್ಚು ಮಾಡಿಸಿದ್ದರು. ಪುಟಕ್ಕೆ ಹತ್ತು ತಪ್ಪು. ಲ-ಳ ವ್ಯತ್ಯಾಸ ಇಲ್ಲ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ಅದಲು ಬದಲು. ಆದರೆ ಮನುಷ್ಯ ತಾನು ಕಂಡದ್ದನ್ನು "ಕಂಡೆ" ಅಂತ ಬರೆದಿದ್ದರು, ಕೇಳಿದ್ದನ್ನು "ಇಂಥವರು ಹೇಳಿದರು" ಅಂತ, ನೆನಪಿಲ್ಲದ್ದನ್ನು "ಮರೆತಿದೆ" ಅಂತ. ಅಂಥ ಪುಸ್ತಕವನ್ನು ನಾನು ಹತ್ತು ಸಲ ತಿದ್ದಿಕೊಡುತ್ತೇನೆ. ನಿಮ್ಮ ಮಾವನವರು ಓದಿದ ಪುಸ್ತಕ ಬಹುಶಃ ಬಹಳ ಚೆನ್ನಾಗಿ ಬರೆದದ್ದು. ಎಪ್ಪತ್ತೊಂದು ವರ್ಷದ ಅನುಭವಸ್ಥರನ್ನು ಒಪ್ಪಿಸಬೇಕಾದರೆ ಭಾಷೆ ಚೆನ್ನಾಗಿಯೇ ಇರಬೇಕು.

ನನ್ನ ಲೆಕ್ಕದಲ್ಲಿ ಅತಿ ಕೆಟ್ಟದ್ದು, "ಇದು ನನಗೆ ಹೇಗೆ ಗೊತ್ತಾಯಿತು" ಅಂತ ಹೇಳದ ಪುಸ್ತಕ. ತಪ್ಪು ಎಲ್ಲ ಪುಸ್ತಕದಲ್ಲೂ ಇರುತ್ತದೆ. ಆ ತಪ್ಪನ್ನು ಓದುವವರು ಹಿಡಿಯಲು ಒಂದು ಕಿಟಕಿಯಾದರೂ ತೆರೆದಿದೆಯಾ, ಅದೇ ಪ್ರಶ್ನೆ.

ನನ್ನದೇ ಒಂದು ಮಾನ ಹೋದ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ನಮ್ಮ ಶಿಕ್ಷಣದ ಇತಿಹಾಸದ ಮೇಲೆ ಒಂದು ಪುಸ್ತಕ ನನ್ನ ಕೈಗೆ ಬಂತು. ಅದರಲ್ಲಿ ಬ್ರಿಟಿಷ್ ಅಧಿಕಾರಿ ಮೆಕಾಲೆಯ ಆ ಪ್ರಸಿದ್ಧ ಭಾಷಣ ಇತ್ತು. ಭಾರತದ ಉದ್ದಗಲ ತಿರುಗಿದೆ, ಒಬ್ಬ ಭಿಕ್ಷುಕನನ್ನೂ ಕಳ್ಳನನ್ನೂ ಕಾಣಲಿಲ್ಲ ಅಂತ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದನಂತೆ. ಓದಿ ರೋಮಾಂಚನ ಆಯಿತು. ಕಾಮಾ ಸರಿಮಾಡಿ ಮುಂದಕ್ಕೆ ಕಳಿಸಿದೆ. ಪುಸ್ತಕ ಬಂದ ತಿಂಗಳಿಗೆ ಮಾಟುಂಗಾದ ಹಿರಿಯ ಓದುಗರೊಬ್ಬರಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಆ ತಾರೀಖಿಗೆ ಮೆಕಾಲೆ ಇದ್ದದ್ದು ಲಂಡನ್ನಿನಲ್ಲಲ್ಲ, ಕಲ್ಕತ್ತೆಯಲ್ಲಿ. 1834ರಲ್ಲೇ ಮದ್ರಾಸಿಗೆ ಬಂದು ಇಳಿದಿದ್ದ. ಶಿಕ್ಷಣದ ಬಗ್ಗೆ ಅವನು ನಿಜವಾಗಿ ಬರೆದ ಟಿಪ್ಪಣಿಯ ತಾರೀಖೂ ಅದೇ ಫೆಬ್ರವರಿ 2. ಅದರಲ್ಲಿ ಈ ಮಾತು ಎಲ್ಲೂ ಇಲ್ಲ. ಇದ್ದದ್ದೇ ಬೇಕಾದಷ್ಟು ಅವಮಾನದ್ದು, ಸುಳ್ಳು ಸೇರಿಸುವ ಅಗತ್ಯವೇ ಇರಲಿಲ್ಲ. ಆ ಹಿರಿಯರ ಹತ್ತಿರ ಲೈಬ್ರರಿಯೇನೂ ಇರಲಿಲ್ಲ. ಒಂದು ತಾರೀಖು, ಒಂದು ಊರು, ಎರಡನ್ನು ತಾಳೆ ಹಾಕಿ ನೋಡಿದ್ದರು, ಅಷ್ಟೇ.

ಹೀಗೆ ಪೂರ್ತಿ ಕಟ್ಟಿದ ಸುಳ್ಳು ಸಿಕ್ಕಿಬೀಳುತ್ತದೆ. ಜೇಮ್ಸ್ ಫ್ರೇ ಅನ್ನುವ ಅಮೆರಿಕದವನು 2003ರಲ್ಲಿ ತನ್ನ ವ್ಯಸನದ ಆತ್ಮಕಥೆ ಬರೆದು ಮೂರು ತಿಂಗಳು ಜೈಲಿನಲ್ಲಿದ್ದೆ ಅಂದ. ಇದ್ದದ್ದು ಕೆಲವೇ ಗಂಟೆ. 2006ರಲ್ಲಿ ಒಂದು ವೆಬ್‌ಸೈಟಿನವರು ಪೊಲೀಸ್ ದಾಖಲೆ ತೆಗೆದು ತೋರಿಸಿದರು, ಪ್ರಕಾಶಕರು ಓದುಗರಿಗೆ ದುಡ್ಡು ವಾಪಸ್ ಕೊಡಲು ಒಪ್ಪಿದರು. ಕೆಟ್ಟ ಪುಸ್ತಕಗಳ ಪಟ್ಟಿಗಳಲ್ಲಿ ಇವನು ಯಾವಾಗಲೂ ಮೇಲೆ. ನನಗೆ ಇವನ ಮೇಲೆ ಅಷ್ಟು ಸಿಟ್ಟಿಲ್ಲ. ಹೆಚ್ಚು ಹಾಳು ಮಾಡುವುದು ಅರ್ಧ ನಿಜ ಇರುವ ಪುಸ್ತಕ.

ನಿಮ್ಮ ಮನೆಯ ಪುಸ್ತಕವನ್ನೇ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆಯನ್ನು ಮಾತ್ರೆ ಇಲ್ಲದೆ ಹಿಂದಕ್ಕೆ ತಳ್ಳಬಹುದು ಅನ್ನುವುದು ಪೂರ್ತಿ ಸುಳ್ಳಲ್ಲ. 2017ರಲ್ಲಿ ಬ್ರಿಟನ್ನಿನ ಡೈರೆಕ್ಟ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಸುಮಾರು 300 ಜನ. ಅರ್ಧ ಜನಕ್ಕೆ ದಿನಕ್ಕೆ ಬರೀ 850 ಕ್ಯಾಲರಿಯ ಹತ್ತಿರದ ಆಹಾರ ಕೊಟ್ಟು ತೂಕ ಇಳಿಸಿದರು. ವರ್ಷದ ಕೊನೆಗೆ ಆ ಗುಂಪಿನಲ್ಲಿ 46 ಶೇಕಡಾ ಜನರಿಗೆ ಮಾತ್ರೆ ಇಲ್ಲದೆಯೂ ಸಕ್ಕರೆ ಮಿತಿಯಲ್ಲಿತ್ತು. ಇನ್ನೊಂದು ಗುಂಪಿನಲ್ಲಿ 4 ಶೇಕಡಾ. ಇದು ದೊಡ್ಡ ಸುದ್ದಿಯೇ. ಆದರೆ ಅವರು ಯಾರನ್ನು ಸೇರಿಸಿಕೊಂಡಿದ್ದರು? 65 ದಾಟದವರನ್ನು, ಕಾಯಿಲೆ ಬಂದು ಆರು ವರ್ಷದ ಒಳಗಿನವರನ್ನು, ಮೈತೂಕ ಜಾಸ್ತಿ ಇದ್ದವರನ್ನು, ಇನ್ಸುಲಿನ್ ತೆಗೆದುಕೊಳ್ಳದವರನ್ನು. ಮೇಲೆ ನೋಡಿಕೊಳ್ಳಲು ನರ್ಸು, ಡಾಕ್ಟರು. ನಿಮ್ಮ ಮಾವನವರಿಗೆ 71, ಕಾಯಿಲೆ ಬಂದು 18 ವರ್ಷ. ಆ ಬಾಗಿಲಿನಿಂದ ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಒಳ್ಳೆಯ ಪುಸ್ತಕ ಈ ಷರತ್ತುಗಳನ್ನೆಲ್ಲ ಹೇಳುತ್ತದೆ. ಕೆಟ್ಟದ್ದು ಷರತ್ತು ಕಿತ್ತುಹಾಕಿ ತಲೆಬರಹ ಮಾತ್ರ ಇಟ್ಟುಕೊಳ್ಳುತ್ತದೆ.

ಷರತ್ತು ಕಿತ್ತುಹಾಕುವ ಕೆಲಸ ದೊಡ್ಡ ಲೇಖಕರೂ ಮಾಡುತ್ತಾರೆ. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾವುದರಲ್ಲೂ ಪರಿಣತನಾಗಬಹುದು ಅನ್ನುವುದನ್ನು ಕೇಳಿರುತ್ತೀರಿ. ಮಾಲ್ಕಂ ಗ್ಲ್ಯಾಡ್‌ವೆಲ್ 2008ರ 'ಔಟ್‌ಲೈಯರ್ಸ್' ಪುಸ್ತಕದಲ್ಲಿ ಇದನ್ನು ಊರಿಗೆಲ್ಲ ಹಂಚಿದರು. ಮೂಲ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮನಶ್ಶಾಸ್ತ್ರಜ್ಞ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಬರೆದ ಲೇಖನ. ಹತ್ತು ಸಾವಿರ ಅನ್ನುವುದು ಇಪ್ಪತ್ತು ವರ್ಷದ ಹೊತ್ತಿಗೆ ಅಲ್ಲಿಯ ಅತ್ಯುತ್ತಮ ಗುಂಪಿನವರ ಸರಾಸರಿ. ಅವರಲ್ಲೇ ಅರ್ಧ ಜನ ಅಷ್ಟು ಮುಟ್ಟಿರಲಿಲ್ಲ ಅಂತ ಎರಿಕ್ಸನ್ನರೇ ಆಮೇಲೆ ಬರೆದರು. ಕನ್ನಡದ ವ್ಯಕ್ತಿತ್ವ ವಿಕಸನದ ಪುಸ್ತಕಗಳಿಗೆ ಬರುವ ಹೊತ್ತಿಗೆ ಪಿಟೀಲೂ ಇಲ್ಲ, ಬರ್ಲಿನ್ನೂ ಇಲ್ಲ, ಎರಿಕ್ಸನ್ನೂ ಇಲ್ಲ. "ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ" ಅನ್ನುವುದು ಮಾತ್ರ ಉಳಿದಿದೆ.

ವ್ಯಕ್ತಿತ್ವ ವಿಕಸನದ ಮಾತು ಬಂತಲ್ಲ. ಹೋಟೆಲ್ ಮಾಣಿಯಾಗಿ ಬಂದು ಹತ್ತು ಹೋಟೆಲಿನ ಮಾಲೀಕರಾದವರ ಕಥೆ ನಿಮ್ಮ ಕಪಾಟಿನಲ್ಲಿ ನಾಲ್ಕಾದರೂ ಇರುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದರು, ಪ್ರಾಮಾಣಿಕರಾಗಿದ್ದರು, ಗೆದ್ದರು. ಇರಬಹುದು, ಮೆಚ್ಚುವ ಮಾತೇ. ಆದರೆ ಅದರಿಂದ ಸೂತ್ರ ತೆಗೆಯುವಾಗ ಎಡವುತ್ತೇವೆ. ನಿಮ್ಮ ಮಾವನವರನ್ನೇ ಕೇಳಿ: ಅವರ ಜೊತೆ ಕಪ್ಪು ತೊಳೆದ ಹುಡುಗರಲ್ಲಿ ಎಷ್ಟು ಜನ ನಾಲ್ಕಕ್ಕೆ ಏಳುತ್ತಿದ್ದರು, ಎಷ್ಟು ಜನ ಮಾಲೀಕರಾದರು? ಸೋತವರ ಪುಸ್ತಕವನ್ನು ಯಾರೂ ಬರೆಸುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಯಾವ ಸೂತ್ರವೂ ಸರಿ ಕಾಣುತ್ತದೆ. ಅಮೆರಿಕದಲ್ಲಿ 2001ರಲ್ಲಿ ಬಂದ 'ಗುಡ್ ಟು ಗ್ರೇಟ್' ಅನ್ನುವ ಪುಸ್ತಕ ಶ್ರೇಷ್ಠವಾದ 11 ಕಂಪನಿಗಳನ್ನು ಆರಿಸಿತ್ತು. 2008ರಲ್ಲಿ ಅದರಲ್ಲಿ ಒಂದು, ಸರ್ಕಿಟ್ ಸಿಟಿ, ದಿವಾಳಿ ಅರ್ಜಿ ಹಾಕಿತು. ಇನ್ನೊಂದು, ಫ್ಯಾನಿ ಮೇ, ಸರ್ಕಾರದ ಕೈಗೆ ಹೋಯಿತು.

ಕೆಟ್ಟ ಪುಸ್ತಕ ಅಂತ ಎಲ್ಲರೂ ಬೈಯುವ, ನಾನು ಅಷ್ಟು ಬೈಯದ ಒಂದಿದೆ. ಪಾಲ್ ಎರ್ಲಿಕ್‌ನ 'ದಿ ಪಾಪ್ಯುಲೇಶನ್ ಬಾಂಬ್', 1968. ಅದರ ಮೊದಲ ಅಧ್ಯಾಯ ಶುರುವಾಗುವುದೇ ದಿಲ್ಲಿಯ ಜನಜಂಗುಳಿಯಲ್ಲಿ ಒಂದು ಟ್ಯಾಕ್ಸಿ ಪ್ರಯಾಣದಿಂದ. ನಮ್ಮನ್ನು ನೋಡಿ ಹೆದರಿದ ಮನುಷ್ಯ 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ ಅಂತ ಬರೆದರು. ಹಾಗೆ ಆಗಲಿಲ್ಲ. ನಮ್ಮಲ್ಲಿ ಗೋಧಿಯ ಇಳುವರಿ ಏರಿತು. ಪುಸ್ತಕ ತಪ್ಪು, ಧಾಟಿಯೂ ನನಗೆ ಹಿಡಿಸುವುದಿಲ್ಲ. ಆದರೆ ಅದು ವರ್ಷ ಹಾಕಿ ಹೇಳಿತ್ತು. ಆದ್ದರಿಂದ ಸಿಕ್ಕಿಬಿತ್ತು.

ಹಾಗಾದರೆ ನಲವತ್ತು ದಿನದ ಪುಸ್ತಕವೂ ಗಡುವು ಹಾಕಿದೆಯಲ್ಲ ಅಂತ ನೀವು ಕೇಳಬಹುದು. ಹಾಕಿದೆ. ಆದರೆ ಅಂಥ ಪುಸ್ತಕಗಳ ಕೊನೆಯ ಅಧ್ಯಾಯ ಓದಿ. "ಪೂರ್ಣ ನಂಬಿಕೆಯಿಂದ ಪಥ್ಯ ಮಾಡಿದವರಿಗೆ ಮಾತ್ರ ಫಲ" ಅನ್ನುವ ಥರದ ಒಂದು ಸಾಲು ಬಹಳಷ್ಟರಲ್ಲಿ ಇರುತ್ತದೆ. ಗುಣವಾದರೆ ಪುಸ್ತಕದಿಂದ, ಆಗದಿದ್ದರೆ ನಿಮ್ಮ ನಂಬಿಕೆ ಸಾಲದ್ದರಿಂದ. ಇದೇ ಆ ಮುಚ್ಚಿದ ಕಿಟಕಿ. ರಿಪೋರ್ಟು ಕೆಟ್ಟದಾಗಿ ಬಂದರೆ ಮಾವನವರು "ನಾನೇ ಸರಿಯಾಗಿ ಮಾಡಲಿಲ್ಲ" ಅನ್ನಬಹುದು. ಅದಕ್ಕೆ ತಯಾರಾಗಿರಿ. ಆ ಸಾಲು ಯಾವ ಪುಟದಲ್ಲಿದೆ ಅಂತ ಮೊದಲೇ ಹುಡುಕಿ ಇಟ್ಟುಕೊಳ್ಳಿ. ಡಾಕ್ಟರ ಎದುರಿಗೇ ಓದಿಸಿ.

ತಪ್ಪಿದ ಮೇಲೆ ಏನು ಮಾಡುತ್ತಾರೆ ಅನ್ನುವುದೂ ಮುಖ್ಯ. ಡೇನಿಯಲ್ ಕಾನೆಮನ್ ನೊಬೆಲ್ ಬಂದವರು. ಮನಸ್ಸು ಹೇಗೆ ತೀರ್ಮಾನ ಮಾಡುತ್ತದೆ ಅಂತ 2011ರಲ್ಲಿ ಅವರು ಬರೆದ ಪುಸ್ತಕದ ಒಂದು ಅಧ್ಯಾಯ ಸಣ್ಣ ಸಣ್ಣ ಪ್ರಯೋಗಗಳ ಮೇಲೆ ನಿಂತಿತ್ತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಅವುಗಳಲ್ಲಿ ಹಲವು ನಿಲ್ಲಲಿಲ್ಲ. 2017ರಲ್ಲಿ ಅವರು, ಅಷ್ಟು ಸಣ್ಣ ಪ್ರಯೋಗಗಳನ್ನು ನಾನು ಅಷ್ಟು ನಂಬಬಾರದಿತ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಆ ಪುಸ್ತಕ ನಿಮ್ಮಲ್ಲಿದ್ದರೆ ರದ್ದಿಗೆ ಹಾಕಬೇಡಿ. ಆ ಅಧ್ಯಾಯದ ಮೇಲೆ ಒಂದು ಗುರುತು ಹಾಕಿ ಸಾಕು.

ಕನ್ನಡದಲ್ಲಿ ಆಧಾರ ಕೊಡದ ಪುಸ್ತಕ ಯಾಕೆ ಇಷ್ಟು? ಓದುಗರಿಗೆ ಬೇಡ ಅಂತಲ್ಲ. ಒಂದು ಕಾರಣ ಒಳಗಿನವರಿಗೆ ಮಾತ್ರ ಗೊತ್ತಿರುವಂಥದ್ದು, ಹೇಳಿಬಿಡುತ್ತೇನೆ. ಪುಸ್ತಕ ಅಚ್ಚಾಗುವುದು ಫಾರ್ಮಿನ ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರ್ಮು. 160 ಪುಟಕ್ಕೆ ಹತ್ತು ಫಾರ್ಮು ಸರಿಯಾಗಿ ಕೂರುತ್ತದೆ. ಬರಹ 167 ಪುಟ ಆಯಿತು ಅನ್ನಿ. ಇನ್ನೊಂದು ಫಾರ್ಮು ಅಂದರೆ ಇನ್ನಷ್ಟು ಕಾಗದ, ಬೆಲೆ ಏರಿಸಬೇಕು. ಆಗ ಏನು ಕತ್ತರಿಸುತ್ತಾರೆ? ಮುನ್ನುಡಿ ಬರೆದವರು ದೊಡ್ಡವರು, ಅದನ್ನು ಮುಟ್ಟುವ ಹಾಗಿಲ್ಲ. ಹಿಂದೆ ಇರುವ ಟಿಪ್ಪಣಿ, ಪದಸೂಚಿ ಹೋಗುತ್ತವೆ. ನಾನೇ ಎಷ್ಟೋ ಸಲ ಕತ್ತರಿಸಿದ್ದೇನೆ. ಇಂಗ್ಲಿಷಿನಿಂದ ಮರಾಠಿಗೆ, ಮರಾಠಿಯಿಂದ ಕನ್ನಡಕ್ಕೆ ಬರುವ ಆರೋಗ್ಯದ ಪುಸ್ತಕಗಳಲ್ಲಿ ಈ ಕತ್ತರಿ ಎರಡು ಸಲ ಆಡುತ್ತದೆ.

ಇನ್ನೊಂದು ಕಾರಣ, ಚಂದದ ಕಥೆಯನ್ನು ಬಿಡಲು ಮನಸ್ಸು ಬಾರದಿರುವುದು. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು ಅಂತ ಪುಸ್ತಕದ ಮೇಲೆ ಪುಸ್ತಕ ಬರೆದಿವೆ. ಬೇಗೂರಿನ ಶಾಸನದಲ್ಲಿ "ಬೆಂಗಳೂರ ಕಾಳಗ"ದ ಮಾತು ಬರುತ್ತದೆ. ಆ ಶಾಸನ ಸುಮಾರು ಕ್ರಿ.ಶ. 890ರದ್ದು, ಬಲ್ಲಾಳನಿಗಿಂತ ಮುನ್ನೂರು ವರ್ಷ ಹಿಂದಿನದು. ಕಥೆಯನ್ನು ಕಥೆ ಅಂತ ಹೇಳಿದರೆ ತಪ್ಪೇನಿಲ್ಲ. ನನ್ನ ಮಗಳಿಗೆ ನಾನೂ ಹೇಳಿದ್ದೇನೆ.

ಈಗ ಭಾನುವಾರದ ಕೆಲಸ. ಬಿ.ಕಾಂ. ಓದಿದವರು ನೀವು, ಲೆಕ್ಕದ ಪುಸ್ತಕದಲ್ಲಿ ವೋಚರ್, ಅಂದರೆ ಆಧಾರದ ರಸೀದಿ, ಇಲ್ಲದ ಎಂಟ್ರಿ ಕಂಡರೆ ಏನು ಮಾಡುತ್ತೀರಿ? ಇಲ್ಲೂ ಅದೇ. ಪುಸ್ತಕವನ್ನು ಪೂರ್ತಿ ಓದಬೇಕಿಲ್ಲ. ನಡುವಿನ ಯಾವುದಾದರೂ ಪುಟ ತೆಗೆದು, ದೊಡ್ಡ ಮಾತು ಹೇಳುವ ಒಂದು ವಾಕ್ಯ ಆರಿಸಿ. ಯಾರು ಕಂಡದ್ದು, ಯಾವಾಗ, ಎಷ್ಟು ಜನರಲ್ಲಿ, ಎಲ್ಲಿ ಬರೆದಿದೆ ಅನ್ನುವುದಕ್ಕೆ ಹತ್ತಿರದಲ್ಲಿ ಉತ್ತರ ಇದೆಯಾ ನೋಡಿ. "ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ" ಅನ್ನುವುದು ವೋಚರ್ ಅಲ್ಲ. ಯಾರಿಗೆ ಇದು ಆಗುವುದಿಲ್ಲ ಅಂತ ಎಲ್ಲಾದರೂ ಹೇಳಿದೆಯಾ ನೋಡಿ. ಮೊದಲ ಮುದ್ರಣ ಯಾವ ವರ್ಷದ್ದು ಅಂತ ನೋಡಿ. ಚಿಕಿತ್ಸೆ, ತೆರಿಗೆ, ಕಾನೂನಿನ ವಿಷಯದಲ್ಲಿ ಹಳೇ ಪುಸ್ತಕ ಒಳ್ಳೆಯದಾಗಿದ್ದರೂ ಅಪಾಯವೇ. ಲೇಖಕರು ಅದೇ ಔಷಧಿ, ಅದೇ ಶಿಬಿರ ಮಾರುತ್ತಾರಾ ಅಂತ ಹಿಂದಿನ ರಟ್ಟು ತಿರುಗಿಸಿ. ಒಂದು ಪುಸ್ತಕಕ್ಕೆ ಹತ್ತು ನಿಮಿಷ ಸಾಕು.

ಆರಿಸಿದ ಮೇಲೆ ಏನು ಮಾಡುವುದು? ರದ್ದಿಗೆ ಹಾಕುವುದು ಸುಲಭ, ಸಮಿತಿಗೂ ಸಮಾಧಾನ. ಆದರೆ ರದ್ದಿವಾಲಾನಿಂದ ಅದು ಫುಟ್‌ಪಾತಿನ ಅಂಗಡಿಗೆ ಹೋಗಿ, ಇನ್ನೊಬ್ಬರ ಮಾವನವರ ಕೈಗೆ ಅಗ್ಗದಲ್ಲಿ ಸಿಗುತ್ತದೆ. ಎರಡನೇ ತೊಂದರೆ ಇನ್ನೂ ದೊಡ್ಡದು. ಇವತ್ತು ಆರೋಗ್ಯದ ಪುಸ್ತಕ ಹೋಗುತ್ತದೆ, ನಾಳೆ ಯಾರಿಗೋ ಹಿಡಿಸದ ಜೀವನಚರಿತ್ರೆ, ನಾಡಿದ್ದು ಇನ್ಯಾರದೋ ಜಾತಿಯ ಇತಿಹಾಸ. ಸಂಘ ಒಡೆಯಲು ಅಷ್ಟು ಸಾಕು. "ಕೆಟ್ಟದ್ದು" ಅನ್ನುವ ಮಾತನ್ನೇ ಸಭೆಯಲ್ಲಿ ಬಳಸಬೇಡಿ. "ಆಧಾರ ಕೊಟ್ಟಿಲ್ಲದ್ದು" ಅನ್ನಿ. ಅದನ್ನು ಯಾರು ಬೇಕಾದರೂ ಪುಸ್ತಕ ತೆರೆದು ನೋಡಬಹುದು.

ಎಲ್ಲವನ್ನೂ ಇದ್ದ ಹಾಗೇ ಇಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ನಾನಾದರೆ "ಮಾತ್ರೆ ನಿಲ್ಲಿಸಿ", "ಆಪರೇಷನ್ ಬೇಡ" ಅನ್ನುವ ಪುಸ್ತಕಗಳನ್ನು ಮನೆಗೆ ಕೊಡುವುದನ್ನು ನಿಲ್ಲಿಸುತ್ತೇನೆ. ಒಂದೊಂದು ಪ್ರತಿ ಬೇರೆ ಕಡೆ ಬೀಗ ಹಾಕಿ ಇಡುತ್ತೇನೆ. ಯಾಕೆ ತೆಗೆದಿಟ್ಟಿರಿ ಅಂತ ಕೇಳಿದವರಿಗೆ ತೋರಿಸಲು ಬೇಕಾಗುತ್ತದೆ. ಉಳಿದವಕ್ಕೆ ಒಳರಟ್ಟಿನಲ್ಲಿ ಒಂದು ಚೀಟಿ: "ಈ ಪುಸ್ತಕದಲ್ಲಿ ಆಧಾರ ಕೊಟ್ಟಿಲ್ಲ" ಅಥವಾ "ಇದು 1987ರ ಪುಸ್ತಕ, ವೈದ್ಯರನ್ನು ಕೇಳಿ". ಚೀಟಿಯನ್ನು ಎಲ್ಲರೂ ಓದುವುದಿಲ್ಲ, ಅದು ಇದರ ಕೊರತೆ. ಅದಕ್ಕೇ ಪುಸ್ತಕ ಕೊಡುವಾಗ ಬಾಯಲ್ಲೂ ಒಂದು ಮಾತು ಹೇಳಿ. ಚೀಟಿಯಲ್ಲಿ ಲೇಖಕರನ್ನು ಮೋಸಗಾರ, ಕಳ್ಳ ಅಂತ ಬರೆಯಬೇಡಿ. ಪುಸ್ತಕದಲ್ಲಿ ಇಲ್ಲದ್ದನ್ನು ಇಲ್ಲ ಅಂತ ಹೇಳಿದರೆ ಯಾರಿಗೂ ನಿಮ್ಮ ಮೇಲೆ ಕೇಸು ಹಾಕುವುದು ಕಷ್ಟ. ಬೈದರೆ ಹಾಕಬಹುದು.

ಅಭಿನಂದನ ಗ್ರಂಥಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಅರ್ಧ ಕಪಾಟು ಅವೇ ಇರುತ್ತವೆ ಅಂತ ನನಗೆ ಗೊತ್ತು. ನಾನೂರು ಪುಟ, ಎಂಬತ್ತು ಜನ, ಎಲ್ಲರೂ ಬರೆದದ್ದು "ಸರಳ ಸಜ್ಜನಿಕೆಯ ಮೂರ್ತಿ". ಓದುವವರು ಆ ಎಂಬತ್ತು ಜನ ಮಾತ್ರ, ಅದೂ ತಮ್ಮ ತಮ್ಮ ಪುಟ. ಯಾರಿಗೂ ಅಪಾಯವಿಲ್ಲ. ಜಾಗ ಬೇಕಾದರೆ ಒಂದು ಪ್ರತಿ ಇಟ್ಟು ಉಳಿದದ್ದು ಕೊಟ್ಟುಬಿಡಿ.

ಆದರೆ ಹಳೇ ಸ್ಮರಣ ಸಂಚಿಕೆಗಳನ್ನು ದಯವಿಟ್ಟು ಮುಟ್ಟಬೇಡಿ. ಬರಹಗಳು ಸಪ್ಪೆ, ಒಪ್ಪುತ್ತೇನೆ. ಹಿಂದಿನ ಪುಟಗಳ ಜಾಹೀರಾತು ನೋಡಿ. ಮುಂಬಯಿಯಲ್ಲಿ ಯಾವ ಬೀದಿಯಲ್ಲಿ ಯಾರ ಹೋಟೆಲಿತ್ತು, ಯಾರು ಪಾಲುದಾರರು, ಎಷ್ಟು ಅಂಕಿಯ ಫೋನ್ ನಂಬರಿತ್ತು, ಎಲ್ಲ ಅಲ್ಲಿದೆ. ಇಲ್ಲಿಯ ಕನ್ನಡಿಗರ ಇತಿಹಾಸ ಬರೆಯುವವರಿಗೆ ಅದೇ ವೋಚರ್. ಫೋರ್ಟ್‌ನ ಹೋಟೆಲುಗಳ ಜಾಹೀರಾತಿರುವ ನಾಲ್ಕು ಸಂಚಿಕೆ ಈ ಭಾನುವಾರ ಮನೆಗೆ ತನ್ನಿ. ಮಾವನವರು ಕಪ್ಪು ತೊಳೆದ ಹೋಟೆಲು ಅದರಲ್ಲಿದೆಯಾ ಕೇಳಿ. ಬೀದಿಯ ಹೆಸರು, ಮಾಲೀಕರ ಇನಿಶಿಯಲ್ಲು, ಶುರುವಾದ ವರ್ಷ, ಯಾವುದಾದರೂ ಒಂದು ತಪ್ಪಾಗಿ ಅಚ್ಚಾಗಿರುತ್ತದೆ. ಅವರೇ ಹಿಡಿಯುತ್ತಾರೆ. ಪೆನ್ಸಿಲ್ ಕೈಗೆ ಕೊಡಿ, ಪೆನ್ನು ಬೇಡ.